ಮನೆಯಲ್ಲೇ ಡಿ.ಎನ್.ಎ. ಪರೀಕ್ಷೆ: ಯಾರ ಒಪ್ಪಿಗೆ, ಯಾರ ಗುಟ್ಟು?

(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದಾರೆ. ನಮ್ಮ ಮನೆಯ ಒಂದು ಸಣ್ಣ ಸಂಗತಿಯಿಂದಲೇ ಆರಂಭಿಸುತ್ತೇನೆ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗ ಕೆಲವು ವರ್ಷಗಳ ಹಿಂದೆ ರಜೆಗೆ ಬಂದಾಗ ಅಂಗೈಯಗಲದ ಒಂದು ಪೆಟ್ಟಿಗೆ ತಂದಿದ್ದ. ಒಳಗೊಂದು ಪ್ಲಾಸ್ಟಿಕ್ ನಳಿಕೆ. ಅದರಲ್ಲಿ ಅಜ್ಜಿಯ ಉಗುಳು ತುಂಬಿಸಿ ಕಂಪನಿಗೆ ಕೊಟ್ಟರೆ ನಮ್ಮ ವಂಶ ಯಾವ ಸೀಮೆಯದು, ಶೇಕಡಾ ಎಷ್ಟು ಎಂದು ತಿಳಿಸುತ್ತಾರಂತೆ. ನಾವು ಅರಬಸ್ತಾನದಿಂದ ಬಂದವರೋ, ಇಲ್ಲಿಯವರೇ ಆಗಿದ್ದೆವೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಹೊಸದೇನಲ್ಲ. ನನಗೂ ಕುತೂಹಲವಿತ್ತು. ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು ಎಂದದ್ದಕ್ಕೆ ನಮ್ಮ ತಾಯಿ ಎಲೆಯಡಿಕೆಯನ್ನೂ ಬದಿಗಿಟ್ಟು ಕುಳಿತರು. ನಳಿಕೆ ಕೈಗೆ ಬಂದ ಮೇಲೆ ಒಂದೇ ಮಾತು ಕೇಳಿದರು: "ನೋಡಿದ ಮೇಲೆ ಇದನ್ನು ಚೆಲ್ಲುತ್ತಾರಾ, ಇಟ್ಟುಕೊಳ್ಳುತ್ತಾರಾ?"

ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಒಪ್ಪಿಗೆಯ ಪುಟಗಳನ್ನು ಓದದೆ ಸಹಿ ಮಾಡುವ ಪೈಕಿ ಅವನೂ ಒಬ್ಬ. ನಾನೂ ಒಬ್ಬ.

ಉಗುಳಿನಲ್ಲಿರುವ ಜೀವಕೋಶಗಳಿಂದ ಡಿ.ಎನ್.ಎ. ಬೇರ್ಪಡಿಸಿ, ಅದರ ಸುಮಾರು 300 ಕೋಟಿ ಅಕ್ಷರಗಳ ಪೈಕಿ ಮನುಷ್ಯರಲ್ಲಿ ವ್ಯತ್ಯಾಸ ಕಾಣುವ ಹಲವು ಲಕ್ಷ ತಾಣಗಳನ್ನು ಮಾತ್ರ ಓದುತ್ತಾರೆ. ಕಂಪನಿಯ ಬಳಿ ಇರುವ ಮಾದರಿಗಳೊಡನೆ ಹೋಲಿಸಿ ಶೇಕಡಾವಾರು ಹೇಳುತ್ತಾರೆ. ಅದು ಅಂದಾಜು. ಮಾದರಿಗಳು ಹೆಚ್ಚಾದಂತೆ ನಿಮ್ಮ ಪೂರ್ವಜರ ಊರೂ ಬದಲಾಗುತ್ತದೆ! ಆ ಬಗ್ಗೆ ನಗಬಹುದು. ನಗಲಾಗದ ವಿಷಯ ಬೇರೆ ಇದೆ.

ವಿದ್ಯಾರ್ಥಿಗಳೇ, ನಿಮ್ಮ ಡಿ.ಎನ್.ಎ.ಯಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಅಜ್ಜಿಯ ಜೊತೆ ಸುಮಾರು ಕಾಲು ಪಾಲು, ಚಿಕ್ಕಪ್ಪನ ಮಕ್ಕಳ ಜೊತೆ ಸುಮಾರು ಎಂಟನೇ ಒಂದು ಪಾಲು ಹಂಚಿಕೊಂಡಿದ್ದೀರಿ. ಸಹಿ ಹಾಕುವುದು ನೀವೊಬ್ಬರೇ, ಕೊಡುವುದು ಮನೆಮಂದಿಯದನ್ನೆಲ್ಲ. ನಮ್ಮ ಹಿರಿಯರ ಬಾಯಲ್ಲಿ 'ಅಮಾನತ್' ಎಂಬ ಮಾತಿದೆ. ಕಚೇರಿಯ ಕನ್ನಡದಲ್ಲಿ ಅದು ನೌಕರರನ್ನು ಮನೆಗೆ ಕಳಿಸುವ ಪದವಾಗಿಬಿಟ್ಟಿದೆ. ಮೂಲದಲ್ಲಿ, ಇನ್ನೊಬ್ಬರು ನಂಬಿ ನಮ್ಮ ಬಳಿ ಇಟ್ಟದ್ದು ಎಂದರ್ಥ. ಡಿ.ಎನ್.ಎ.ಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಹೊಳೆಯುವುದಿಲ್ಲ.

ಕ್ಯಾಲಿಫೋರ್ನಿಯದಲ್ಲಿ 1970 ಮತ್ತು 80ರ ದಶಕಗಳಲ್ಲಿ ಸರಣಿ ಕೊಲೆ, ಅತ್ಯಾಚಾರ ನಡೆಸಿದ್ದ ಜೋಸೆಫ್ ಡಿಆಂಜೆಲೊನನ್ನು 2018ರ ಏಪ್ರಿಲ್‌ನಲ್ಲಿ ಪೊಲೀಸರು ಹಿಡಿದರು. ಅವನ ದೂರದ ಸಂಬಂಧಿಕರು ವಂಶಾವಳಿಯ ಜಾಲತಾಣಕ್ಕೆ ಕೊಟ್ಟಿದ್ದ ಮಾಹಿತಿಯಿಂದಲೇ ದಾರಿ ಸಿಕ್ಕಿತು. ಪಾತಕಿ ಸಿಕ್ಕಿದ್ದು ಒಳ್ಳೆಯದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಂಬಂಧಿಕರು ಹುಡುಕಿದ್ದು ತಮ್ಮ ಮುತ್ತಜ್ಜಂದಿರನ್ನು. ಅದೇ ದಾರಿಯಲ್ಲಿ ನಿರಪರಾಧಿಯ ಮನೆಗೂ ಹೋಗಬಹುದು.

2023ರಲ್ಲಿ ಟ್ವೆಂಟಿಥ್ರೀ ಆ್ಯಂಡ್ ಮಿ ಎಂಬ ಅಮೆರಿಕದ ಕಂಪನಿಯಲ್ಲಿ ಕಳ್ಳತನವಾಯಿತು. ಬೇರೆ ಕಡೆ ಸೋರಿಹೋಗಿದ್ದ ಪಾಸ್‌ವರ್ಡ್‌ಗಳನ್ನೇ ಬಳಸಿ ಕಳ್ಳರು ಹೊಕ್ಕ ಖಾತೆಗಳು ಸುಮಾರು 14 ಸಾವಿರ. ಬಂಧುಗಳನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ ಅವರ ಕೈಗೆ ಸಿಕ್ಕಿದ್ದು ಸುಮಾರು 69 ಲಕ್ಷ ಜನರ ವಿವರ! ಆಮೇಲೆ ಯಹೂದಿ ಮೂಲದವರು, ಚೀನೀ ಮೂಲದವರು ಎಂದು ಪಟ್ಟಿಗಳು ಮಾರಾಟಕ್ಕೆ ಬಂದವು. ಜನಾಂಗ ನೋಡಿ ಪಟ್ಟಿ ಮಾಡುವುದೆಂದರೆ ಏನೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಪಾಸ್‌ವರ್ಡ್ ಹೋದರೆ ಬದಲಿಸಬಹುದು. ಡಿ.ಎನ್.ಎ.ಯನ್ನು?

ಅದೇ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಸುಮಾರು 1.5 ಕೋಟಿ ಗ್ರಾಹಕರ ಮಾಹಿತಿ ಹರಾಜಿಗೆ ಬರುವ ಆಸ್ತಿಯಾಯಿತು. ಕ್ಯಾಲಿಫೋರ್ನಿಯದ ಅಟಾರ್ನಿ ಜನರಲ್ ಅವರು ಮಾಹಿತಿಯನ್ನು ಅಳಿಸಿಕೊಳ್ಳಬಹುದೆಂದು ಗ್ರಾಹಕರಿಗೆ ನೆನಪಿಸಬೇಕಾಯಿತು. ಕೊನೆಗೆ ಸಂಸ್ಥಾಪಕಿಯೊಬ್ಬರ ಲಾಭರಹಿತ ಸಂಸ್ಥೆಯೇ 30.5 ಕೋಟಿ ಡಾಲರಿಗೆ ಕೊಂಡಿತು. ಹೊಸ ಮಾಲೀಕರು ಹಳೆಯ ಮಾತನ್ನು ಪಾಲಿಸುತ್ತೇವೆ ಎಂದಿದ್ದಾರೆ. ಬೇರೆ ಯಾರಾದರೂ ಕೊಂಡಿದ್ದರೆ?

ಕಾನೂನು ಇಲ್ಲವೇ ಎಂದು ಕೇಳಬಹುದು. ಅಮೆರಿಕದ 2008ರ ಕಾಯ್ದೆ ಉದ್ಯೋಗದಾತರಿಗೂ ಆರೋಗ್ಯ ವಿಮೆಯವರಿಗೂ ಕಡಿವಾಣ ಹಾಕಿದೆ, ಜೀವವಿಮೆಯನ್ನು ಮುಟ್ಟಿಲ್ಲ. ನಮ್ಮಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ಬಂತು. ಅದರಲ್ಲಿ ವಂಶವಾಹಿ ಮಾಹಿತಿಗೆಂದು ಪ್ರತ್ಯೇಕ ಸ್ಥಾನವಿಲ್ಲ.

ವೈದ್ಯರು ರೋಗ ಪತ್ತೆಗಾಗಿ ಬರೆದುಕೊಡುವ ಪರೀಕ್ಷೆಯ ಮಾತು ನಾನಾಡುತ್ತಿಲ್ಲ, ಅದನ್ನು ತಪ್ಪಿಸಬೇಡಿ. ದತ್ತು ಹೋದವರು ಹೆತ್ತವರನ್ನು ಕಂಡುಕೊಂಡದ್ದೂ ಇಂಥ ಪೆಟ್ಟಿಗೆಗಳಿಂದಲೇ. ಓದಲು, ದುಡಿಯಲು ಹೊರದೇಶಕ್ಕೆ ಹೋಗುವ ನಿಮ್ಮಲ್ಲಿ ಕೆಲವರ ಕೈಗೂ ಅದು ಉಡುಗೊರೆಯಾಗಿ ಬಂದೀತು. ನಳಿಕೆ ತುಂಬುವ ಮುನ್ನ ಮನೆಗೊಂದು ಫೋನ್ ಮಾಡಿ; ತಾಯಿಯನ್ನು, ಒಡಹುಟ್ಟಿದವರನ್ನು ಕೇಳಿ. ಕೊಟ್ಟಾಗಿದ್ದರೆ ಬಂಧುಗಳನ್ನು ತೋರಿಸುವ ಸೌಲಭ್ಯ ಮುಚ್ಚಿ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಬೇಡವೆನಿಸಿದರೆ ಮಾದರಿಯನ್ನು ನಾಶಪಡಿಸಲು ಬರೆದು ಕೇಳಿ. ಮುಗಿದುಹೋದ ಸಂಶೋಧನೆಗೆ ಸೇರಿದ್ದು ಮಾತ್ರ ಮರಳಿ ಬರುವುದಿಲ್ಲ.

ನಮ್ಮ ತಾಯಿ ಅಂದು ನಳಿಕೆಯನ್ನು ಹಾಗೇ ಹಿಂದಿರುಗಿಸಿದರು. ಆಗಲೇ ಹುಡುಗ ಬಾಯಿಬಿಟ್ಟದ್ದು, ತನ್ನದನ್ನು ಎರಡು ವರ್ಷದ ಹಿಂದೆಯೇ ಕೊಟ್ಟಿದ್ದನಂತೆ! ಅಜ್ಜಿಯ ಕಾಲು ಪಾಲು ಆಗಲೇ ಅಲ್ಲಿ ಸೇರಿಹೋಗಿತ್ತು. 2025ರ ಸುದ್ದಿ ಓದಿದ ಮೇಲೆ ಅವನು ತನ್ನ ಖಾತೆಯನ್ನು ಮುಚ್ಚಿಸಿ ಫೋನ್ ಮಾಡಿದ.

"ಎಲ್ಲಾ ಅಳಿಸಿದ್ದಾರೆ ಅಜ್ಜಿ."

"ಅಳಿಸಿದರು ಅಂತ ನಿನಗೆ ಯಾರು ಹೇಳಿದರು ಮಗಾ?"

"ಅವರೇ ಹೇಳಿದ್ದಾರೆ. ಇಮೇಲ್ ಬಂದಿದೆ."