ವಾಲ್ವುಗಳಿಗೆ ಹಿಡಿಯುವ ತುಕ್ಕು: ಕಾರಣ ಮತ್ತು ನಿವಾರಣೆ



ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯ ಸೀಮೆಯಲ್ಲಿ ಒಂದು ಬೇಸಗೆಯ ಬೆಳಗ್ಗೆ ನಾವು ಕಂಡ ಸಂಗತಿಯಿಂದ ಈ ಭಾಷಣವನ್ನು ಮೊದಲುಮಾಡುತ್ತೇವೆ. ಊರಿನ ಮೇಲಿನ ಕೇರಿಗೆ ಮೂರು ದಿನಗಳಿಂದ ನೀರಿರಲಿಲ್ಲ. ಕೊಳವೆ ಬಾವಿಯಲ್ಲಿ ನೀರುಂಟು, ತೊಟ್ಟಿಯೂ ತುಂಬಿದೆ. ಆದರೆ ದಾರಿಯಲ್ಲಿರುವ ಎರಕದ ಕಬ್ಬಿಣದ ವಾಲ್ವು ತಿರುಗದು. ನೀರುಗಂಟಿಯು ಅದರ ಚಕ್ರದೊಳಕ್ಕೆ ಹಾರೆಯನ್ನು ತೂರಿಸಿ ಮೀಟಿದನು. ವಾಲ್ವು ತೆರೆಯಲಿಲ್ಲ, ಚಕ್ರವೇ ಮುರಿದು ಕೈಗೆ ಬಂದಿತು. ಕೊಡ ಹಿಡಿದು ನಿಂತಿದ್ದ ಹೆಂಗಸರು ಅವನನ್ನು ಬೈದರು. ತಪ್ಪು ಅವನೊಬ್ಬನದೇ ಅಲ್ಲವೆಂದು ತೋರಿಸುವುದು ನಮ್ಮ ಉದ್ದೇಶ.

ತುಕ್ಕೆಂದರೇನು? ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗಿದಾಗ ಅದಕ್ಕೆ ಅದಿರು ಒದಗಿದುದು ಕೆಮ್ಮಣ್ಣುಗುಂಡಿಯಿಂದ. ಹೆಸರೇ ಹೇಳುವಂತೆ ಅದು ಕೆಂಪು ಮಣ್ಣು. ಎಂದರೆ, ಆಮ್ಲಜನಕದೊಡನೆ ಕೂಡಿದ ಕಬ್ಬಿಣ. ಕುಲುಮೆಯಲ್ಲಿ ಇದ್ದಿಲನ್ನು ಉರಿಸಿ ಆ ಆಮ್ಲಜನಕವನ್ನು ಬಿಡಿಸಿದರು. ಹೀಗೆ ಬಲವಂತದಿಂದ ಕಡಿದ ನಂಟನ್ನು ಕಬ್ಬಿಣವು ಗಾಳಿಯೂ ನೀರೂ ದೊರೆತೊಡನೆ ಮತ್ತೆ ಬೆಳಸುತ್ತದೆ. ತುಕ್ಕು ಹಿಡಿಯುವುದೆಂದರೆ ಕಬ್ಬಿಣವು ತನ್ನ ತವರಿನ ಮಣ್ಣಿಗೆ ಮರಳುವುದೇ ಸರಿ.

ಇದಕ್ಕೆ ಗಾಳಿ, ನೀರು ಎರಡೂ ಬೇಕು. ಚೆನ್ನಾಗಿ ಕುದಿಸಿ ಗಾಳಿ ಕಳೆದ ನೀರಿನಲ್ಲಿ ಮೊಳೆಯನ್ನಿಟ್ಟು ಮೇಲೆ ಎಣ್ಣೆ ಸುರಿದರೆ ಅದು ಬಹುದಿನ ಹೊಳೆಯುತ್ತಲೇ ಇರುತ್ತದೆ. ಒಣಗಿದ ಗಾಳಿಯಲ್ಲಿಯೂ ಹಾಗೆಯೇ. ಕಬ್ಬಿಣದ ಮೇಲೆ ನಿಂತ ಒಂದು ಹನಿಯಾದರೋ ಒಂದು ಪುಟ್ಟ ವಿದ್ಯುತ್ಕೋಶ. ಹನಿಯ ಅಂಚಿಗೆ ಗಾಳಿ ಧಾರಾಳ, ನಡುವಿಗೆ ಕಡಮೆ. ಈ ವ್ಯತ್ಯಾಸದಿಂದ ಸಣ್ಣ ಪ್ರವಾಹ ಹರಿದು ನಡುವಿನ ಕಬ್ಬಿಣ ಕರಗುತ್ತದೆ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಪ್ರವಾಹ ಸುಲಭ. ಆದಕಾರಣ ನೀರಿನಲ್ಲಿ ಲವಣ ಹೆಚ್ಚಿರುವ ಕಡೆ ಎಚ್ಚರವೂ ಹೆಚ್ಚಾಗಿರಬೇಕು. ಕಬ್ಬಿಣಕ್ಕೆ ಹಿತ್ತಾಳೆ ತಗುಲಿದ್ದರೆ ಹಿತ್ತಾಳೆ ಉಳಿದು ಕಬ್ಬಿಣ ಸವೆಯುವುದು.

ವಾಲ್ವು ಕಚ್ಚಿಕೊಳ್ಳುವುದೇಕೆ? ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಾಲಿಗೂ ಹೆಚ್ಚು ಸ್ಥಳವನ್ನು ಬೇಡುತ್ತದೆ. ಕಿರಿದಾದ ಸಂದಿನಲ್ಲಿ ಅದು ಬೆಣೆಯಂತೆ ಬಿಗಿಯುತ್ತದೆ. ತಿಂಗಳುಗಟ್ಟಲೆ ಕದಲಿಸದ ವಾಲ್ವಿನ ಗತಿ ಇದೇ.

ಇನ್ನು ನಿವಾರಣೆ. ಮೊದಲನೆಯದು, ಪ್ರತಿಯೊಂದು ವಾಲ್ವನ್ನೂ ಆಗಾಗ ಪೂರ್ತಿ ತೆರೆದು ಮುಚ್ಚಬೇಕು. ಎರಡನೆಯದು, ವಾಲ್ವಿನ ಗುಂಡಿಯಲ್ಲಿ ನೀರು ನಿಲ್ಲಗೊಡದೆ, ಹೊರಗಿನ ತಿರುಪಿಗೆ ಗ್ರೀಸು ಸವರಬೇಕು. ಮೂರನೆಯದು, ತಂತಿಯ ಬ್ರಷ್ಷಿನಿಂದ ತುಕ್ಕನ್ನು ಉಜ್ಜಿ ತೆಗೆದು ಒಣಗಿಸಿದ ಬಳಿಕವೇ ಬಣ್ಣ ಬಳಿಯಬೇಕು. ತುಕ್ಕಿನ ಮೇಲೆ ಬಳಿದ ಬಣ್ಣ ಹಕ್ಕಳೆಯಾಗಿ ಉದುರುತ್ತದೆ. ಹಿಂದೆ ಬಳಸುತ್ತಿದ್ದ ಸೀಸದ ಕೆಂಪು ಬಣ್ಣವು ವಿಷಕರವಾದುದರಿಂದ ಕುಡಿಯುವ ನೀರಿನ ಬಳಿ ಸಲ್ಲದು.

ಸತುವಿನ ಲೇಪವೂ ಒಳ್ಳೆಯದು. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬುವರು ಇದಕ್ಕೆ ಹಕ್ಕುಪತ್ರ ಪಡೆದರು. ಲೇಪ ಗೀಚಿಹೋದರೂ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. 1913ರಲ್ಲಿ ಇಂಗ್ಲೆಂಡಿನ ಬ್ರಿಯರ್ಲಿಯವರು ಕ್ರೋಮಿಯಂ ಬೆರಸಿ ಎರೆದ ಸ್ಟೇನ್‌ಲೆಸ್ ಉಕ್ಕು ಇನ್ನೂ ಮೇಲು. ಆದರೆ ಅದರ ಬೆಲೆ ಹೆಚ್ಚು. ಉಪ್ಪು ನೀರು ನಿಂತರೆ ಅದಕ್ಕೂ ಸಣ್ಣ ಕುಳಿಗಳು ಬೀಳುವುದುಂಟು.

ಹಿಂದೆ ಕೆರೆಯ ತೂಬನ್ನು ಕಾಯುವ ನೀರುಗಂಟಿಗೆ ಊರವರು ಮಾನ್ಯದ ಭೂಮಿಯನ್ನು ಬಿಡುತ್ತಿದ್ದರು. ಅವನ ಕೆಲಸದ ಬೆಲೆಯನ್ನು ಅವರು ಬಲ್ಲವರಾಗಿದ್ದರು. ಇಂದಿನ ನೀರುಗಂಟಿಗೆ ಒಂದು ಡಬ್ಬಿ ಗ್ರೀಸು, ಒಂದು ಬ್ರಷ್ಷು, ತಿಂಗಳಿಗೊಂದು ದಿನದ ಬಿಡುವು ಇಷ್ಟನ್ನಾದರೂ ಕೊಡೋಣ. ಅದನ್ನು ಕೊಡದೆ, ಚಕ್ರ ಮುರಿದ ದಿನ ಅವನನ್ನು ಬೈಯುವುದು ನ್ಯಾಯವಲ್ಲ.