ಲ್ಯಾಪ್ರೋಸ್ಕೋಪಿ ಆದಮೇಲೆ ನೋವು ಹೆಚ್ಚಾದರೆ ಕಾಯಬೇಡಿ

ಗರ್ಭಕೋಶದ ಗಡ್ಡೆ, ಅಂಡಾಶಯದ ಸಿಸ್ಟ್, ಗರ್ಭಕೋಶ ತೆಗೆಯೋದು, ಇವನ್ನೆಲ್ಲ ಈಗ ಸಣ್ಣ ತೂತುಗಳ ಮೂಲಕವೇ ಮಾಡ್ತೇವೆ. ಪುಣೆ, ಮುಂಬೈ ಕಡೆ ಇದಕ್ಕೆ ದುರ್ಬಿಣಿ ಆಪರೇಷನ್ ಅಂತಾರೆ. "ಲೇಸರ್‌ನಲ್ಲಿ ಮಾಡ್ತೀರಲ್ವಾ ಡಾಕ್ಟ್ರೇ?" ಅಂತ ಬಹಳ ಜನ ಕೇಳ್ತಾರೆ. ನಾವು ಹೆಚ್ಚಾಗಿ ಬಳಸೋದು ಕರೆಂಟು, ಇಲ್ಲಾಂದ್ರೆ ಅಲ್ಟ್ರಾಸಾನಿಕ್ ಕಂಪನ.

ಯಾಕೆ ಅಂದ್ರೆ, ಹೊಟ್ಟೆ ತೆರೆದು ಮಾಡುವಾಗ ರಕ್ತ ಬಂದರೆ ಕೈಯಿಂದ ಒತ್ತಿ ಹಿಡಿಯಬಹುದು. ಈ ತೂತಿನೊಳಗೆ ಕೈ ಹೋಗಲ್ಲ. ಹಾಗಾಗಿ ರಕ್ತನಾಳವನ್ನು ಬಿಸಿಯಿಂದಲೇ ಮುಚ್ಚಿ, ಆಮೇಲೆ ಕತ್ತರಿಸಬೇಕು.

ಮುಖ್ಯವಾಗಿ ಮೂರು ಬಗೆ. ಮೋನೋಪೋಲಾರ್‌ನಲ್ಲಿ ಕರೆಂಟು ಉಪಕರಣದ ತುದಿಯಿಂದ ಮೈಯೊಳಗೆ ಹಾದು, ತೊಡೆಗೆ ಅಂಟಿಸಿದ ಪ್ಯಾಡ್ ಮೂಲಕ ವಾಪಸ್ಸು ಹೋಗುತ್ತೆ. ಅದಕ್ಕೇ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ತಾಳಿ, ಬಳೆ ತೆಗೆಯಿರಿ ಅಂದ್ರೆ ಬೇಜಾರು ಮಾಡ್ಕೋಬಾರದು. ಬೈಪೋಲಾರ್‌ನಲ್ಲಿ ಇಕ್ಕಳದ ಎರಡು ತುದಿಗಳ ನಡುವೆ ಮಾತ್ರ ಕರೆಂಟು. ಇದರ ಸುಧಾರಿತ ಉಪಕರಣಗಳು 7 ಮಿಲಿಮೀಟರ್ ದಪ್ಪದ ರಕ್ತನಾಳವನ್ನೂ ಮುಚ್ಚಬಲ್ಲವು. ಮೂರನೆಯದು ಅಲ್ಟ್ರಾಸಾನಿಕ್. ಅದರ ಬ್ಲೇಡು ಸೆಕೆಂಡಿಗೆ ಸುಮಾರು 55,000 ಸಲ ಅದುರುತ್ತೆ, ಆ ತಿಕ್ಕಾಟದಲ್ಲೇ ಬಿಸಿ ಹುಟ್ಟುತ್ತೆ. ಮೈಯಲ್ಲಿ ಕರೆಂಟು ಹರಿಯಲ್ಲ. ಆದರೆ ಸ್ವಿಚ್ ಬಿಟ್ಟ ಮೇಲೂ ಬ್ಲೇಡು ಸ್ವಲ್ಪ ಹೊತ್ತು ಸುಡ್ತಾ ಇರುತ್ತೆ, ಒಲೆಯಿಂದ ಇಳಿಸಿದ ಕಾವಲಿ ಥರ.

ಯಾವುದೇ ಉಪಕರಣವಾದರೂ ಬಿಸಿ ಕೆಲವು ಮಿಲಿಮೀಟರ್ ಅಕ್ಕಪಕ್ಕಕ್ಕೆ ಹರಡುತ್ತೆ. ಗರ್ಭಕೋಶದ ಮುಖ್ಯ ರಕ್ತನಾಳದ ಕೆಳಗೇ ಕಿಡ್ನಿಯಿಂದ ಬರುವ ಮೂತ್ರನಾಳ ಹಾದು ಹೋಗುತ್ತೆ. ಕರುಳೂ ಹತ್ತಿರದಲ್ಲೇ ಇರುತ್ತೆ. ಅಪರೂಪಕ್ಕೆ ಇವಕ್ಕೆ ಬಿಸಿ ತಾಗಿದರೆ ಆ ದಿನ ಏನೂ ಕಾಣದೇ ಇರಬಹುದು. ಸುಟ್ಟ ಜಾಗ ನಿಧಾನವಾಗಿ ಕೊಳೆತು ತೂತಾಗುತ್ತೆ. ಕೆಲವು ದಿನ, ಕೆಲವೊಮ್ಮೆ ವಾರ ಎರಡು ವಾರದ ಮೇಲೆ ಗೊತ್ತಾಗುತ್ತೆ. ಅಷ್ಟರಲ್ಲಿ ರೋಗಿ ಮನೆಯಲ್ಲಿರ್ತಾರೆ.

ಇಲ್ಲೇ ಮನೆಯವರು ಗಮನ ಕೊಡಬೇಕು. ಹೊಟ್ಟೆಗೆ ತುಂಬಿದ ಗಾಳಿಯಿಂದ ಮೊದಲ ಒಂದೆರಡು ದಿನ ಭುಜ ನೋಯೋದು ಸಹಜ. ಲ್ಯಾಪ್ರೋಸ್ಕೋಪಿ ಆದವರಿಗೆ ನೋವು ದಿನದಿಂದ ದಿನಕ್ಕೆ ಕಡಿಮೆ ಆಗಬೇಕು. ಹೆಚ್ಚಾಗ್ತಾ ಹೋದರೆ, ಜ್ವರ, ವಾಂತಿ, ಹೊಟ್ಟೆಯುಬ್ಬರ, ಪಕ್ಕೆನೋವು ಬಂದರೆ, ಮೂತ್ರ ಕಡಿಮೆಯಾದರೆ, ಯೋನಿಯಿಂದ ನೀರು ಸೋರಿದರೆ, "ಗ್ಯಾಸ್ ಇರ್ಬೇಕು, ಜೀರಿಗೆ ಕಷಾಯ ಕುಡಿ" ಅಂತ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಬೇಗ ಗೊತ್ತಾದರೆ ಸರಿಪಡಿಸೋದು ಸುಲಭ; ತಡವಾದರೆ ಜೀವಕ್ಕೇ ಅಪಾಯ.

ಇನ್ನೊಂದು ಮಾತು. ಅಮ್ಮನ್ನೋ ಅತ್ತೆಯನ್ನೋ ಊರಿಂದ ಕರೆಸಿ ಇಲ್ಲಿ ಆಪರೇಷನ್ ಮಾಡಿಸ್ತೀರಿ. ಡಿಸ್ಚಾರ್ಜ್ ಆದ ಮರುದಿನವೇ ರೈಲು ಹತ್ತಿಸಬೇಡಿ. ಯಾವಾಗ ಹೊರಡಬಹುದು ಅಂತ ಡಾಕ್ಟ್ರನ್ನೇ ಕೇಳಿ. ಡಿಸ್ಚಾರ್ಜ್ ಚೀಟಿಯ ಫೋಟೋ ಊರಲ್ಲಿರುವವರ ಫೋನಿನಲ್ಲೂ ಇರಲಿ.

ಪ್ರಶ್ನೆ ಇದ್ದರೆ ವಿಡಿಯೋ ಕೆಳಗೆ ಬರೀರಿ.