ಓಪನ್ ಫೈಲ್ ಯಾರದು?



ಜವಳಗಿರಿಯಂಥ ಊರಲ್ಲಿ ಏಪ್ರಿಲ್ 14 ಹತ್ರ ಬಂತು ಅಂದ್ರೆ ಬ್ಯಾನರ್ ಕೆಲಸ ಶುರು. ಕನ್ನಡದಲ್ಲೊಂದು, ತಮಿಳಲ್ಲೊಂದು. ಮರುವರ್ಷ ಬದಲಾಗೋದು ಇಸವಿ, ಒಂದೆರಡು ಹೆಸರು ಅಷ್ಟೇ. “ಹಳೇ ಓಪನ್ ಫೈಲ್ ಕೊಡಿ, ನಾವೇ ತಿದ್ದಿಕೊಳ್ತೀವಿ” ಅಂದ್ರೆ ಡಿಸೈನರ್ ಮುಖ ಗಂಟು ಹಾಕ್ಕೊಳ್ತಾನೆ. ದುಡ್ಡು ಕೊಟ್ಟ ಮೇಲೆ ಫೈಲ್ ನಮ್ಮದಲ್ವಾ?

ಇದನ್ನ ಎರಡೂ ಕಡೆಯಿಂದ ನೋಡಬೇಕು. ಇವತ್ತು ನಮ್ಮ ಕೇರಿ ಮಕ್ಕಳೇ ಹೊಸೂರಿಗೆ ಹೋಗಿ ಕೋರಲ್‌ಡ್ರಾ, ಫೋಟೋಶಾಪ್ ಮುಂದೆ ಕೂತಿದ್ದಾರೆ. ಫೈಲ್ ಕೇಳೋರೂ ನಾವೇ, ಕೊಡಬೇಕಾದೋರೂ ನಾವೇ.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಕೃತಿ ಮಾಡಿದವರೇ ಅದರ ಮೊದಲ ಒಡೆಯರು. ಬೇರೆ ಒಪ್ಪಂದ ಇಲ್ಲದಿದ್ರೆ, ಸಂಬಳಕ್ಕಿದ್ದು ಮಾಡಿದ ಕೆಲಸ ಧಣಿಯದು. ದುಡ್ಡು ಕೊಟ್ಟು ತೆಗೆಸಿದ ಫೋಟೋ ತೆಗೆಸಿದವರದು. ಹಕ್ಕು ಇನ್ನೊಬ್ಬರಿಗೆ ಹೋಗಬೇಕಾದ್ರೆ 19ನೇ ಕಲಂ ಹೇಳುವಂತೆ ಬರವಣಿಗೆ ಬೇಕು, ಸಹಿ ಬೇಕು. ಅವಧಿ ಬರೆಯದಿದ್ರೆ ಅದು 5 ವರ್ಷಕ್ಕೆ ಮಾತ್ರ. ಬಾಯಿಮಾತು ಸಾಲದು.

ಫೈಲ್ ಕೈಗೆ ಬಂದ್ರೆ ಎಲ್ಲ ಮುಗೀತು ಅನ್ಕೋಬೇಡಿ. ನುಡಿ, ಬರಹದ ಹಳೇ ಫಾಂಟಲ್ಲಿ ಮಾಡಿದ್ದನ್ನ ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತೆ. ಅಕ್ಷರನ ಕರ್ವ್ ಮಾಡಿದ್ರೆ ಒಡೆಯಲ್ಲ, ಆದ್ರೆ ಆಮೇಲೆ ಟೈಪ್ ಮಾಡಿ ತಿದ್ದೋಕೂ ಆಗಲ್ಲ. ಅದಕ್ಕೇ ಫಾಂಟ್ ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ನನ್ನ ಮಾತು ಇಷ್ಟು. ಲೋಗೋ ಸಂಘದ ಮುಖ. ಅಂಗಡಿ ಮುಚ್ಚಿದ್ರೂ, ಡಿಸ್ಕ್ ಕೆಟ್ಟರೂ ಅದು ಉಳೀಬೇಕು. ಅದರ ಓಪನ್ ಫೈಲ್ ಸಂಘದ ಹತ್ರಾನೇ ಇರಲಿ. ಬಾಬಾಸಾಹೇಬರು 1920ರಲ್ಲಿ ‘ಮೂಕನಾಯಕ’ ಶುರು ಮಾಡಿದ್ದು ನಮ್ಮ ಮಾತು ನಮ್ಮ ಕೈಲೇ ಇರಲಿ ಅಂತ ತಾನೇ? ಬ್ಯಾನರಿಗೆ ಪಿಡಿಎಫ್ ಸಾಕು. ಓಪನ್ ಫೈಲೇ ಬೇಕು ಅಂದ್ರೆ ಕೆಲಸ ಕೊಡುವಾಗಲೇ ಹೇಳಿ, ಅದಕ್ಕೆ ಬೇರೆ ರೇಟು ಮಾತಾಡಿ, ಬಿಲ್ಲಲ್ಲಿ ಬರೆಸಿ.

ಡಿಸೈನ್ ಮಾಡೋ ತಮ್ಮಂದಿರೇ, ತಂಗಿಯರೇ, ನೀವೂ ಸಂಕೋಚ ಬಿಟ್ಟು ರೇಟು ಮೊದಲೇ ಹೇಳಿ. ದುಡ್ಡು ಬಂದ ಮೇಲೆ ಫೈಲ್ ಹಿಡಿದಿಟ್ಟು ಸತಾಯಿಸಬೇಡಿ. ನಮ್ಮ ಹಿರಿಯರು ಬಿಟ್ಟಿ ಚಾಕರಿ ಮಾಡೇ ಸವೆದರು. “ನಮ್ಮ ಹುಡುಗ ತಾನೇ” ಅಂತ ಸಂಘದ ಹೆಸರಲ್ಲಿ ಅದನ್ನೇ ಮತ್ತೆ ಮಾಡಿಸೋದು ಬೇಡ.

ಜೈ ಭೀಮ್.